ಎಂಟು ದಿನ ತಡವಾದ ಪುಸ್ತಕ

"ನೋಡ್ರಮ್ಮ, ಈ ಪುಸ್ತಕ ನಿಮಗೆ ಕೊಟ್ಟುಬಿಡ್ತಾ ಇಲ್ಲ, ಎರವಲು ಕೊಡ್ತಾ ಇದೀನಿ. ಬಿಟ್ಟಿ ಕೊಟ್ಟ ಕಾಗದಕ್ಕೆ ಬೆಲೆ ಇಲ್ಲ, ನನಗೆ ಗೊತ್ತು. ಒಂದು ವರ್ಷ ಲಸಿಕೆ ಚೀಟಿ ರಾಶಿ ರಾಶಿ ಹಂಚಿದೆ. ಆಮೇಲೆ ಸಂತೇಲಿ ಸೂರ್ಯಕಾಂತಿ ಬೀಜ ತಗೊಂಡ್ರೆ ನನ್ನ ಚೀಟೀಲೇ ಪೊಟ್ಟಣ ಕಟ್ಟಿ ಕೊಟ್ರು! ಅದಕ್ಕೇ ಈಗ ಮುದ್ರೆ. ಮುದ್ರೇಲಿರೋ ತಾರೀಖು ನಿಮ್ಮ ಮಗೂಗೆ ಎರಡು ತಿಂಗಳು ತುಂಬೋ ದಿನ. ಅವತ್ತು ಪುಸ್ತಕಾನೂ ತರಬೇಕು, ಮಗೂನೂ ತರಬೇಕು. ಪುಸ್ತಕ ಮಾತ್ರ ತಂದ್ರೆ ತಗೊಳಲ್ಲ. ಮಗು ಮಾತ್ರ ತಂದ್ರೆ ಬೈತೀನಿ, ಆದ್ರೂ ಸೂಜಿ ಹಾಕಿಸೇ ಕಳಿಸ್ತೀನಿ. ಎರಡೂ ತರದೇ ಇದ್ರೆ ನಾನೇ ಮನೆಗೆ ಬರ್ತೀನಿ. ಬಂದ್ರೆ ನಿಮ್ಮ ಏಪ್ರಿಕಾಟ್ ಜಾಮ್ ಖಾಲಿ ಮಾಡದೆ ಏಳೋಳಲ್ಲ, ಹೇಳಿದೀನಿ."

ಹೆರಿಗೆ ವಾರ್ಡಿನಲ್ಲಿ ತುರ್ಸುನಾಯ್ ಹೀಗೆ ಹೇಳಿದರೆ ಬಾಣಂತಿಯರು ಹೊಲಿಗೆ ನೋವು ಮರೆತು ನಗುತ್ತಿದ್ದರು. ನಾರಿನ್ ಸೀಮೆಯ ಆ ಆಸ್ಪತ್ರೆಯಲ್ಲಿ ಅವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಡಾಕ್ಟರುಗಳು ಓದುವ ಪುಸ್ತಕದ ಕೋಣೆ ನೋಡಿಕೊಳ್ಳುವವಳು. ಆ ದಪ್ಪ ಪುಸ್ತಕಗಳಲ್ಲಿ ಲಸಿಕೆ ಬಗ್ಗೆ ಇದ್ದುದನ್ನು ಡಾಕ್ಟರುಗಳ ಹತ್ತಿರ ಕೇಳಿ ಕೇಳಿ, ತಾಯಂದಿರಿಗೆ ತಿಳಿಯುವ ಹಾಗೆ ಹದಿನಾರು ಪುಟದಲ್ಲಿ ತಾನೇ ಬರೆದು ಈ ಪುಸ್ತಕ ಹೊಲಿದಿದ್ದಳು. ಸಾಲ ತೀರಿಸದವರು ಊರಲ್ಲಿ ಬೇಕಾದಷ್ಟು ಜನ. ಪುಸ್ತಕ ವಾಪಸ್ ಕೊಡದೆ ತುರ್ಸುನಾಯ್ ಎದುರು ನಿಂತವರು ಕಡಿಮೆ.

ಆ ವಸಂತದಲ್ಲಿ ಮೇಲೂರಿನಲ್ಲಿ ನಾಯಿಕೆಮ್ಮು ಎದ್ದಿತು. ಎರಡು ಹಸುಗೂಸುಗಳು ಉಸಿರಿಗೆ ಒದ್ದಾಡುತ್ತ ಆಸ್ಪತ್ರೆಗೆ ಬಂದವು. ತುರ್ಸುನಾಯ್ ತನ್ನ ದಾಖಲೆ ತೆಗೆದು ನೋಡಿದರೆ ಒಂದೇ ಒಂದು ಪುಸ್ತಕ ಬಾಕಿ. ಸೇತುವೆಯಾಚೆಯ ಮೀರಿಮ್‌ಳದು. ಎಂಟು ದಿನ ತಡ.

ಮಧ್ಯಾಹ್ನದ ಹೊತ್ತಿಗೆ ಬಿಳಿ ಕೋಟಿನಲ್ಲೇ ಹೊರಟಳು. ಬಾಗಿಲಲ್ಲಿ ಮೀರಿಮ್ ಪಿಸುಗುಟ್ಟಿದಳು: "ಎಜೆ, ನಾನು ಹೇಳಿದ್ರೆ ಅತ್ತೆ ಕೇಳಲ್ಲ. ನೀವು ಬೇಗ ಎದ್ದು ಹೋಗ್ಬೇಡಿ." ಎಜೆ ಅಂದರೆ ಆ ಕಡೆ ಅಕ್ಕ, ತನಗಿಂತ ಹಿರಿಯಳು.

ಒಳಗೆ ಅತ್ತೆ ಬುರುಲ್ ತೊಟ್ಟಿಲು ತೂಗುತ್ತಿದ್ದಳು.

"ಬಾ ತುರ್ಸುನಾಯ್. ಜಾಮ್ ತಿನ್ನೋಕೆ ಬಂದ್ಯಾ?"

"ಪುಸ್ತಕಕ್ಕೆ ಬಂದೆ ಬುರುಲ್ ಎಜೆ. ಜಾಮ್ ಇದ್ರೆ ಬೇಡ ಅನ್ನಲ್ಲ."

"ಪುಸ್ತಕ ಕೊಡೋಕಾಗಲ್ಲ. ಕೆಲಸದಲ್ಲಿದೆ."

"ಏನು ಕೆಲಸ?"

ಬುರುಲ್ ತೊಟ್ಟಿಲ ದಿಂಬು ಎತ್ತಿ ಹೆಮ್ಮೆಯಿಂದ ತೋರಿಸಿದಳು. ಒಣಗಿದ ರೊಟ್ಟಿ ಚೂರು, ಪುಟ್ಟ ಚಾಕು, ಅವೆರಡರ ನಡುವೆ ಮುದ್ರೆ ಮೇಲಾಗಿ ಮಲಗಿದ್ದ ಪುಸ್ತಕ.

"ಇದು ಮಗೂನ ಕಾಯುತ್ತೆ ಅಂತ ನೀನೇ ವಾರ್ಡಲ್ಲಿ ಹೇಳಿದ್ಯಂತಲ್ಲ! ರೊಟ್ಟಿ ಹಸಿವಿಗೆ, ಚಾಕು ಕೆಟ್ಟ ಕಣ್ಣಿಗೆ, ಪುಸ್ತಕ ಕೆಮ್ಮಿಗೆ. ಇನ್ನು ಸೂಜಿ ಯಾಕೆ?"

ತುರ್ಸುನಾಯ್ ನಗು ನುಂಗಿಕೊಂಡಳು. "ರೊಟ್ಟಿ, ಚಾಕು ನಿಮ್ಮವು, ಇರಲಿ. ಆದ್ರೆ ಎಜೆ, ಕಾಗದ ಕೆಮ್ಮು ತಡೆಯೋದಾಗಿದ್ರೆ ಅಷ್ಟು ಪುಸ್ತಕದ ಮಧ್ಯೆ ಇಪ್ಪತ್ತೊಂಬತ್ತು ವರ್ಷ ಕೂತೋಳು ನಾನು, ಚಳಿಗಾಲ ಪೂರ್ತಿ ಯಾಕೆ ಕೆಮ್ತೀನಿ? ಅವೇನು ಸಣ್ಣ ಪುಸ್ತಕಾನಾ? ಒಂದೊಂದೂ ಕುರಿಮರಿ ತೂಕ."

ಬುರುಲ್ ಮುಖ ಗಂಟಿಕ್ಕಿದಳು. "ಸೊಸೇ, ಅತಿಥಿಗೆ ಬಟ್ಟಲು ತುಂಬ ಚಹಾ ಹಾಕು."

ಆ ಕಡೆ ತುಂಬಿದ ಬಟ್ಟಲೆಂದರೆ ಕುಡಿದು ಹೊರಡು, ಅರ್ಧವೆಂದರೆ ಇನ್ನೂ ಕೂತಿರು ಎಂದರ್ಥ. ಮೀರಿಮ್ ತಲೆ ತಗ್ಗಿಸಿ ಅರ್ಧವೇ ಹಾಕಿಕೊಟ್ಟಳು. ಬುರುಲ್ ನೋಡಿದಳು. ಮದುವೆಯಾಗಿ ಬಂದಾಗಿನಿಂದ ಸೊಸೆ ಮಾತು ಮೀರಿದ್ದು ಇದೇ ಮೊದಲು. ತುರ್ಸುನಾಯ್ ಬಟ್ಟಲು ಬರಿದು ಮಾಡಿ ಮತ್ತೆ ಚಾಚಿದಳು. ಮತ್ತೆ ಅರ್ಧ.

"ಓಹೋ! ಇಬ್ಬರೂ ಸೇರಿಕೊಂಡ್ರಾ?" ಎಂದಳು ಬುರುಲ್. ದನಿ ಮಾತ್ರ ಸ್ವಲ್ಪ ಇಳಿದಿತ್ತು. "ಪಕ್ಕದ ಮನೆ ಮೊಮ್ಮಗನಿಗೆ ಸೂಜಿ ಹಾಕ್ಸಿದ ಮೇಲೆ ಎರಡು ದಿನ ಜ್ವರ ಕಣೇ. ರಾತ್ರಿಯೆಲ್ಲಾ ಅತ್ತಿದ್ದು ಗೋಡೆ ಈಚೆ ನಾನು ಕೇಳಿಸ್ಕೊಂಡಿದೀನಿ."

"ಜ್ವರ ಬರಬಹುದು, ಬರಲ್ಲ ಅನ್ನಲ್ಲ. ಪುಸ್ತಕದಲ್ಲೂ ಬರೆದಿದೀನಿ. ಆ ಹುಡುಗ ಈಗ ಹೇಗಿದಾನೆ?"

"ಅವನಿಗೇನು! ನಾಲ್ಕು ವರ್ಷ. ನನ್ನ ಕೋಳಿಗಳಿಗೆ ಕಲ್ಲು ಹೊಡೀತಾನೆ, ಪೋಕರಿ."

"ಮೇಲೂರಿನ ಕೂಸುಗಳು ಮೊಲೆ ಹಿಡಿಯೋಕೂ ಆಗದೆ ಕೆಮ್ತಾ ಇವೆ ಎಜೆ. ನೋಡಿ ಬಂದಿದೀನಿ. ಕೆಮ್ಮಿ ಕೆಮ್ಮಿ ನೀಲಿಯಾಗ್ತವೆ. ಇವನೂ ನಾಲ್ಕು ವರ್ಷದವನಾಗಿ ಯಾರದಾದ್ರೂ ಕೋಳಿಗೆ ಕಲ್ಲು ಹೊಡೀಲಿ ಬಿಡಿ."

ಬುರುಲ್ ತೊಟ್ಟಿಲು ತೂಗುವುದನ್ನು ನಿಲ್ಲಿಸಿದಳು. ಮಗುವಿನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡಿದಳು. ಆಮೇಲೆ ದಿಂಬಿನ ಕೆಳಗಿಂದ ಪುಸ್ತಕ ತೆಗೆದು ಸೆರಗಿನಂತಿದ್ದ ಶಾಲಿನ ತುದಿಯಿಂದ ಒರೆಸಿದಳು.

"ಇವತ್ತು ಆಗಲ್ಲ. ಹಸು ಹೊಸದಾಗಿ ಈದಿದೆ, ಮಧ್ಯಾಹ್ನಾನೂ ಕರೀಬೇಕು. ಸೊಸೆ ಹೊರಟ್ರೆ ಕರೆಯೋರ್ಯಾರು? ನನ್ನ ಬೆರಳು ಗಂಟು ಹಿಡಿದಿವೆ."

"ನಾನಿದೀನಲ್ಲ."

"ನೀನಾ? ಪುಸ್ತಕ ಎಣಿಸೋಳು?"

"ಪುಸ್ತಕ ಎಣಿಸೋಕೆ ಮುಂಚೆ ಅಮ್ಮನ ಮನೇಲಿ ಆರು ಹಸು ಕರೀತಿದ್ದೆ. ಮೂರಕ್ಕೆ ಸೂಜಿ ಕೋಣೆ ಮುಚ್ತಾರೆ. ಎದ್ದೇಳಿ."

ಮೀರಿಮ್ ಅಷ್ಟರಲ್ಲಿ ಮಗುವಿಗೆ ಟೊಪ್ಪಿ ಹಾಕಿ ಆಗಿತ್ತು. ಬುರುಲ್ ಗೊಣಗುತ್ತಲೇ ಬೂಟು ಮೆಟ್ಟಿದಳು. "ಅದು ಒದೆಯುತ್ತೆ, ಹೇಳಿದೀನಿ. ಬಿಳಿ ಕೋಟು ನೋಡಿದ್ರೆ ಇನ್ನೂ ಜಾಸ್ತಿ." ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಸೊಸೆಯ ಮುಂದೆ ತಾನೇ ಸೇತುವೆಯ ಕಡೆ ನಡೆದಳು.

ತುರ್ಸುನಾಯ್ ಕೋಟು ಕಳಚಿ ಬೇಲಿಗೆ ಹಾಕಿದಳು. ಕರುವನ್ನು ಬಿಟ್ಟು ನಾಲ್ಕು ಗುಟುಕು ಕುಡಿಸಿ, ಎಳೆದು ಗೂಟಕ್ಕೆ ಕಟ್ಟಿದಳು. ಕೆಚ್ಚಲು ತೊಳೆದು, ಬಕೆಟ್ಟನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೂತಳು. ಹಸು ಒಮ್ಮೆ ಒದೆಯಿತು, ತಪ್ಪಿಸಿಕೊಂಡಳು. ಎರಡನೆಯ ಸಲ ಬರೀ ಬಾಲ ಬೀಸಿತು. ಬಕೆಟ್ಟಿನ ತಳಕ್ಕೆ ಹಾಲು ಚೊರ್ರೆಂದು ಬೀಳತೊಡಗಿತು.