ಒರೆಸದೆ ಒಯ್ದ ಕಣ್ಣು

ಕಾನ್ವೆಂಟಿನಲ್ಲಿ ಪ್ರತಿ ಸೋಮವಾರ ಇನ್‌ಸ್ಪೆಕ್ಷನ್. ಉಗುರು, ಕಿವಿ, ಕರ್ಚೀಫು. ಸ್ಕೂಲಿಗೆ ಹೊರಡುವ ಮೊದಲು ಅಮ್ಮ ನನ್ನ ಮುಖವನ್ನು ಸೆರಗಿನಲ್ಲಿ ಉಜ್ಜಿ ಉಜ್ಜಿ ಕೆಂಪು ಮಾಡುತ್ತಿದ್ದಳು. ಎಪ್ಪತ್ತು ದಾಟಿದರೂ ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಯಾರಾದರೂ ನೋಡುತ್ತಾರೆಂದರೆ ನೀಟಾಗಿ ಹೋಗಬೇಕು. ನನ್ನ ಬೆಕ್ಕಿನ ಕಣ್ಣು ಹೋಗುವುದರಲ್ಲಿದ್ದದ್ದು ಅದರಿಂದಲೇ.

ಕುರುಬರಹಳ್ಳಿಯ ನಮ್ಮ ಕಾಂಪೌಂಡಿನಲ್ಲಿ ಮರಿಯಾಗಿ ಸಿಕ್ಕ ಬೂದು ಬೆಕ್ಕು ಅದು. ಒಂದು ದಿನ ಎಡಗಣ್ಣು ಕೆಂಪಾಗಿ, ಪಿಸುರು ಕಟ್ಟಿತು. ಬಸವೇಶ್ವರನಗರದ ಕ್ಲಿನಿಕ್ಕಿಗೆ ಬುಟ್ಟಿಯಲ್ಲಿ ಒಯ್ದೆ. ಡಾಕ್ಟರ್ ಚಿಕ್ಕ ಹುಡುಗಿ, ಬಾಗಲಕೋಟೆ ಕಡೆಯವಳು. ಡ್ರಾಪ್ಸ್ ಬರೆದುಕೊಟ್ಟು, "ವಾರ ಬಿಟ್ಟು ಫಾಲೋ-ಅಪ್‌ಗೆ ಬರ್ರಿ ಅಮ್ಮಾರ," ಅಂದಳು.

ಫಾಲೋ-ಅಪ್ ದಿನ ಬೆಳಿಗ್ಗೆ ಬಿಸಿನೀರಿನಲ್ಲಿ ಹತ್ತಿ ಅದ್ದಿ ಕಣ್ಣು ಒರೆಸಿದೆ, ಬೆನ್ನು ಬಾಚಿದೆ.

"ಭಾಳ ಚಲೋ ಆಗೇತಿ," ಅಂದಳು ಡಾಕ್ಟರ್. "ಪಿಸುರು ಬರ್ತದೇನ್ರಿ?"

"ನಾಟ್ ಅಟ್ ಆಲ್, ಡಾಕ್ಟರ್."

ಸುಳ್ಳು ಅಂತ ಅನ್ನಿಸಲೇ ಇಲ್ಲ. ಜ್ವರದಲ್ಲಿ ಮಲಗಿದ್ದರೂ ಫೈನ್, ಥ್ಯಾಂಕ್ಯೂ ಅನ್ನುವಂತೆ ಪಳಗಿಸಿದ ಬಾಯಿ ಇದು. ಅದೇ ಡ್ರಾಪ್ಸ್ ಮುಂದುವರಿಯಿತು.

ಐದು ದಿನದಲ್ಲಿ ಬೆಕ್ಕು ಕಣ್ಣು ಬಿಡುವುದನ್ನೇ ನಿಲ್ಲಿಸಿ ಬೀರುವಿನ ಹಿಂದೆ ಸೇರಿಕೊಂಡಿತು. ಮತ್ತೆ ಆಟೋ. ದಾರಿಯುದ್ದಕ್ಕೂ ಬುಟ್ಟಿಯೊಳಗಿಂದ ಒಂದೇ ಕೂಗು.

"ಯಾರಿಗೆ ಆಂಟಿ ಅದು ಬಯ್ತಾ ಇರೋದು, ನನಗಾ ನಿಮಗಾ?" ಅಂದ ಆಟೋದವನು.

"ನನಗೇ ಕಣಪ್ಪ."

ಡಾಕ್ಟರ್ ಕಣ್ಣಿಗೊಂದು ಬಣ್ಣದ ಹನಿ ಬಿಟ್ಟು ನೀಲಿ ದೀಪ ಹಿಡಿದಳು. ಗುಡ್ಡೆಯ ಮೇಲೆ ಸಾಸಿವೆಯಷ್ಟು ಹಸಿರು ಹೊಳೆಯಿತು. ಹುಣ್ಣು.

"ಇದು ಇನ್ನ ಆಳಕ್ಕ ಇಳಿದ್ರ ಕಣ್ಣು ಉಳಿಯಂಗಿಲ್ರಿ. ಖರೇ ಹೇಳ್ರಿ, ಪಿಸುರು ಬರ್ತಿತ್ತೋ ಇಲ್ಲೋ?"

"ದಿನಾ ಬರ್ತಿತ್ತು. ನಿಮ್ಮ ಮುಂದೆ ಗಲೀಜಾಗಿ ಹೇಗೆ ತರೋದು ಅಂತ ಒರೆಸ್ಕೊಂಡು ಬಂದೆ."

ಅವಳು ಬಯ್ಯಲಿಲ್ಲ. "ನಾನೇನು ಹೆಣ್ಣು ನೋಡಾಕ ಬಂದೀನೇನ್ರಿ, ಸಿಂಗಾರ ಮಾಡಿ ಕೂಡ್ಸಾಕ? ಫಾಲೋ-ಅಪ್ ಅಂದ್ರ ನನ್ನ ಔಷಧಕ್ಕ ಪರೀಕ್ಷೆ. ಪಿಸುರಿನ ಬಣ್ಣ ಕಂಡ್ರನ ಔಷಧ ಬದಲಿ ಮಾಡಬೇಕೋ ಬ್ಯಾಡೋ ಗೊತ್ತಾಗೂದು. ಮನ್ಯಾಗ ಡ್ರಾಪ್ಸ್ ಹಾಕೂಮುಂದ ಒರಸ್ರಿ. ಇಲ್ಲಿಗೆ ಬರೂ ದಿನ ಮಾತ್ರ ಒರಸಬ್ಯಾಡ್ರಿ."

ಬೇರೆ ಡ್ರಾಪ್ಸ್ ಕೊಟ್ಟು, ಮೂರು ದಿನ ಬಿಟ್ಟು ಬರಹೇಳಿದಳು.

ಮೂರನೆಯ ದಿನ ಒರೆಸದೆ ಹೊರಟೆ. ವೇಟಿಂಗ್ ರೂಮಿನಲ್ಲಿ ಪಕ್ಕದ ಹೆಂಗಸು, ರಿಬ್ಬನ್ ಕಟ್ಟಿದ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡವಳು, ಬುಟ್ಟಿಯೊಳಗೆ ಬಗ್ಗಿ ನೋಡಿದಳು. "ಅಯ್ಯೋ ಪಾಪ, ಇದನ್ನ ಯಾರೂ ನೋಡ್ಕೊಳ್ಳಲ್ವಾ?" ಕೈ ತಾನಾಗಿ ಕರ್ಚೀಫಿಗೆ ಹೋಯಿತು. ಅದನ್ನು ಮುಷ್ಟಿಯಲ್ಲಿ ಮುದುರಿ ಹಿಡಿದು ಸುಮ್ಮನೆ ಕೂತೆ. ಅಷ್ಟು ನಾಚಿಕೆ ನನಗೆ ಕಾನ್ವೆಂಟಿನಲ್ಲಿ ಉಗುರು ನೋಡುತ್ತಿದ್ದ ಸಿಸ್ಟರ್ ಎದುರಿಗೂ ಆಗಿರಲಿಲ್ಲ.

ಡಾಕ್ಟರ್ ಮೊದಲು ಪಿಸುರನ್ನು ನೋಡಿದಳು. "ನೀರಾಗೇತಿ, ಹಳದಿ ಹೋಗೇತಿ." ಆಮೇಲೆ ಹನಿ, ನೀಲಿ ದೀಪ. ಸಾಸಿವೆಯಷ್ಟಿದ್ದದ್ದು ಈಗ ಸೂಜಿಮೊನೆ.

"ಕಣ್ಣು ಉಳೀತ್ರಿ ಅಮ್ಮಾರ," ಎಂದು ಹತ್ತಿಯ ಉಂಡೆಯೊಂದನ್ನು ನನ್ನ ಕೈಗಿಟ್ಟಳು. "ಹ್ಞಾಂ, ಈಗ ಒರಸ್ರಿ."

ನಿಧಾನವಾಗಿ ಒರೆಸಿದೆ. ಬೆಕ್ಕು ಎರಡೂ ಕಣ್ಣು ಬಿಟ್ಟು ನನ್ನನ್ನು ಬಯ್ದಿತು.