ಯಾವ ನೀರು

ನೆರೆ ಇಳಿದ ಮೇಲೆ ತಿಂಥಣಿಯಲ್ಲಿ ಮಕ್ಕಳ ಕೆಮ್ಮಿನ ಬಗ್ಗೆ ಅಧ್ಯಯನ ಮಾಡುತ್ತಿದ್ದೆವು. ಪ್ರಶ್ನೆಗಳನ್ನು ಊರಿನ ಹೆಂಗಸರ ಜೊತೆ ಕೂತೇ ಬರೆದಿದ್ದೆವು. ನೆರೆಗೆ ಅವರು ಹೇಳಿದ ‘ಹೊಳಿ ಬಂದಾಗ’ ಎಂಬುದನ್ನು ‘ನೀರು ಬಂದ ಮೇಲೆ’ ಎಂದು ಆಮೇಲೆ ತಿದ್ದಿದವನು ನಾನು. ಬೇರೆ ಯಾರಾದರೂ ಆಗಿದ್ದರೆ ಎಂದು ಈಗಲೂ ಆಸೆ.

ಒಬ್ಬ ತಾಯಿಗೆ ಪ್ರಶ್ನೆ ಓದಿದೆ. ನೀರು ಬಂದ ಮೇಲೆ ಮಗಳಿಗೆ ಕೆಮ್ಮು ಹೆಚ್ಚಾಗಿದೆಯೆ?

“ಇಲ್ರಿ ಸರ, ಕಡಿಮಿ ಆಗ್ಯಾದ.”

ಬರೆದುಕೊಂಡೆ. ಹಿಂದಿನ ಗೋಡೆ ಎದೆಮಟ್ಟ ಹಸಿಯಾಗಿತ್ತು. ಮಗು ಅದಕ್ಕೇ ಒರಗಿ ಕೆಮ್ಮುತ್ತಿತ್ತು.

“ಮತ್ತ ಇದು?” ಎಂದೆ.

“ಇದು ಹೊಳಿ ಬಂದಾಗ ಹಿಡದದ್ರಿ. ನಳಕ್ಕ ನೀರು ಬಂದು ಎಂಟು ದಿನ ಆತು, ಆವಾಗಿಂದ ಸ್ವಲ್ಪ ಕಡಿಮಿ. ನೀರು ಬರೂದು ನಳಕ್ಕರಿ, ಮನ್ಯಾಗ ಬರೂದು ಹೊಳಿ. ಇಷ್ಟ ಓದೀರಿ, ಇದು ತಿಳೀಲಿಲ್ಲೇನು?”

ನಕ್ಕಳು. ಆಮೇಲೆ ನಗದೆ ಕೇಳಿದಳು: “ಇಕೀನ ಈ ಮನ್ಯಾಗ ಮಲಗಿಸಬೇಕೋ, ಬ್ಯಾಡೋ?”

ಚೀಲದಲ್ಲಿ ಊರಿನ ಅರ್ಧದಷ್ಟು ಮನೆಗಳ ಉತ್ತರದ ಹಾಳೆಗಳಿದ್ದವು. ಯಾವ ‘ಇಲ್ಲ’ ಯಾವ ನೀರಿನದೋ ತಿಳಿಯಲಿಲ್ಲ. ಆಕೆಗೆ ‘ಬ್ಯಾಡ’ ಎಂದೆನೋ, ‘ನೋಡೂಣು’ ಎಂದೆನೋ. ಎರಡನ್ನೂ ಹೇಳಿದ ನೆನಪಿದೆ. ಆಕೆ ಮಗಳ ಕೌದಿ ಎತ್ತಿಕೊಂಡು, ಎಲ್ಲಿ ಹಾಸಲಿ ಎಂಬಂತೆ ನನ್ನನ್ನೇ ನೋಡುತ್ತ ನಿಂತಿದ್ದಳು.