ಮಾತಿನ ಜಾಗ ತಣ್ಣಗಾದಾಗ

ಬಸ್ಸು ಪಾಂಡವಪುರ ದಾಟಿ ಚಿನಕುರಳಿ ಕಡೆ ಹೋಗುತ್ತಿತ್ತು. ನಾನು ಕಂಡಕ್ಟರ್. ಟಿಕೆಟ್ ಕೇಳಲು ಬಾಯಿ ತೆರೆದೆ. ಮಾತು ಬರಲಿಲ್ಲ. ಬಲಗೆನ್ನೆ ತಾನಾಗಿಯೇ ಅದುರುತ್ತಿತ್ತು. ಎರಡು ನಿಮಿಷವಿರಬಹುದು, ಅಷ್ಟೇ.

"ಬೆಳಗ್ಗೆನೇ ಕುಡ್ಕಂಡ್ ಬಂದವ್ನೆ ಕಣ್ಲಾ," ಎಂದ ಹಿಂದಿನ ಸೀಟಿನವನು.

ಹುಟ್ಟಿದಾಗಿನಿಂದ ಹೆಂಡ ಮುಟ್ಟದವನಿಗೆ ಈ ಮಾತು.

ತಿಂಗಳೊಳಗೆ ನಾಲ್ಕು ಸಲ ಹೀಗಾಯಿತು. ಒಬ್ಬ ಡಾಕ್ಟರ್ ಗ್ಯಾಸ್ಟ್ರಿಕ್ ಎಂದರು, ಇನ್ನೊಬ್ಬರು ಟೆನ್ಷನ್ ಎಂದರು. ಇಬ್ಬರ ಮಾತ್ರೆಯನ್ನೂ ನುಂಗಿ, ಕೊನೆಗೆ ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದೆ.

ಮೆದುಳಿನ ಎಡಭಾಗದಲ್ಲಿ ಟ್ಯೂಮರ್. ಮಾತಿನ ಜಾಗದ ಪಕ್ಕದಲ್ಲೇ. ಕೆನ್ನೆ ಅದುರಿ ಮಾತು ನಿಲ್ಲುತ್ತಿದ್ದುದು ಅದರಿಂದ ಬರುವ ಫಿಟ್ಸಂತೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸರ್ಜನ್ ಮೇಡಂ ವಿವರಿಸಿದರು. ಎಚ್ಚರವಿರುವಾಗಲೇ ಆಪರೇಷನ್. ನನ್ನನ್ನು ಮಾತಾಡಿಸುತ್ತಾ, ಸಣ್ಣ ಕರೆಂಟು ಕೊಟ್ಟು, ಮಾತಿನ ಜಾಗ ಗುರುತಿಸಿ, ಅದನ್ನು ಬಿಟ್ಟು ಗಡ್ಡೆ ತೆಗೆಯುತ್ತಾರೆ. ಜೊತೆಗೆ ಅವರದೊಂದು ಸಂಶೋಧನೆ ನಡೆಯುತ್ತಿತ್ತು: ಲೋಹದ ಚಿಕ್ಕ ಬಿಲ್ಲೆಯಿಂದ ಮೆದುಳಿನ ಒಂದು ಜಾಗವನ್ನಷ್ಟೇ ತಂಪು ಮಾಡಿದರೆ ಆ ಜಾಗ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸುತ್ತದೆ, ಬಿಲ್ಲೆ ತೆಗೆದರೆ ಮೊದಲಿನಂತಾಗುತ್ತದೆ. ಅದಕ್ಕೆ ನನ್ನ ಒಪ್ಪಿಗೆ ಬೇಕು.

"ಬೇಡ ಅಂದ್ರೂ ಪರವಾಗಿಲ್ಲ, ಆಪರೇಷನ್ ಮಾಡೇ ಮಾಡ್ತೀವಿ," ಎಂದರು.

ಅಣ್ಣ ಅಲ್ಲೇ ಶುರು ಮಾಡಿದ. "ನಿನ್ ತಲೆ ಏನ್ ಐಸ್‌ಕ್ರೀಂ ಡಬ್ಬನೇನ್ಲಾ? ಬ್ಯಾಡ ಅನ್ನು."

"ಅವ್ರ ತಲೆ, ಅವ್ರೇ ಯೋಳ್ಲಿ ಬುಡಿ ಬಾವ," ಎಂದಳು ನನ್ನ ಹೆಂಡತಿ ಸವಿತಾ.

ಮೂರು ದಿನ ಬಿಟ್ಟು ಸಹಿ ಹಾಕಿದೆ. ಧೈರ್ಯದಿಂದಲ್ಲ. ಅಷ್ಟೂ ದಿನ ಅಣ್ಣನ ಉಪದೇಶ ಕೇಳಿ ಸಾಕಾಗಿಹೋಗಿತ್ತು.

ಆಪರೇಷನ್ ಥಿಯೇಟರಿನಲ್ಲಿ ತಲೆ ಅಲ್ಲಾಡದಂತೆ ಬಿಗಿದಿದ್ದರು. ಮೂಗು ತುರಿಸುತ್ತಿತ್ತು, ಕೆರೆದುಕೊಳ್ಳುವಂತಿಲ್ಲ. ನನ್ನ ರೂಟಿನ ಸ್ಟಾಪ್‌ಗಳನ್ನು ಹೇಳಲು ಮೇಡಂ ಹೇಳಿದರು. ಹೇಳಿದೆ. ಮತ್ತೆ ಎಂದರು. ಹತ್ತನೇ ಸಲಕ್ಕೆ ರೇಗಿತು.

"ಅವೇ ಸ್ಟಾಪು ಮೇಡಂ. ರೋಡೇನು ಬದ್ಲಾಗಿಲ್ಲ."

ಬಿಲ್ಲೆ ಇಟ್ಟರಂತೆ. ತಣ್ಣಗೇನೂ ಅನಿಸಲಿಲ್ಲ. "ಪಾಂಡವಪುರ" ಎಂದೆ. "ಚಿನ..." ಎನ್ನುವಷ್ಟರಲ್ಲಿ ನಾಲಿಗೆ ದಪ್ಪವಾದಂತಾಯಿತು. ಊರಿನ ಹೆಸರು ತಲೆಯಲ್ಲಿ ಸ್ಪಷ್ಟವಾಗಿತ್ತು, ಬಾಯಿಗೆ ಬರುವಾಗ ತೊದಲಾಗುತ್ತಿತ್ತು. ಇನ್ನೊಂದು ಕಡೆ ಇಟ್ಟಾಗ ತೊದಲಲಿಲ್ಲ, ಆದರೆ ಒಂದೊಂದು ಅಕ್ಷರವೂ ಗಾಡಿ ಎಳೆದಂತೆ ನಿಧಾನವಾಗಿ ಬಂತು.

ಇದೇ ಉಳಿದುಬಿಟ್ಟರೆ?

"ತೆಗೆದಿದ್ದೀನಿ, ಸ್ವಲ್ಪ ಕಾಯಿರಿ," ಎಂದರು ಮೇಡಂ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಅಷ್ಟರಲ್ಲಿ ನಾನು ಸವಿತಾಳೊಂದಿಗೆ ಜೀವನವಿಡೀ ಕೈಸನ್ನೆಯಲ್ಲೇ ಜಗಳವಾಡುವುದನ್ನು ಕಲ್ಪಿಸಿಕೊಂಡಿದ್ದೆ. ಮಾತು ಮರಳಿದ ಕೂಡಲೇ ಹೇಳಿದ್ದು, "ಯಾರಾದ್ರೂ ನನ್ನ ಮೂಗು ಕೆರೀರಿ."

ಗಡ್ಡೆಯ ಒಂದು ಚೂರನ್ನು ಬಿಟ್ಟಿದ್ದಾರೆ. ಅದನ್ನು ತೆಗೆದರೆ ಮಾತೂ ಹೋಗುತ್ತಿತ್ತಂತೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್, ದಿನಾ ಫಿಟ್ಸ್ ಮಾತ್ರೆ. ಕಂಡಕ್ಟರ್ ಆಗಿ ಬಸ್ ಹತ್ತುವಂತಿಲ್ಲ, ಬಸ್ ಮಾಲೀಕರ ಆಫೀಸಿನಲ್ಲಿ ಕೂತು ಫೋನ್ ಎತ್ತುತ್ತೇನೆ. ಮತ್ತೆ ಕೆನ್ನೆ ಅದುರಿಲ್ಲ, ಇಲ್ಲಿಯವರೆಗೆ.

ಅಣ್ಣ ಮಾತ್ರ ಬಾಬುರಾಯನಕೊಪ್ಪಲಿನಿಂದ ದೇವಲಾಪುರದವರೆಗೂ ಇರುವ ನೆಂಟರಿಗೆಲ್ಲ "ಮಿದುಳ್ಗೆ ಐಸ್ ಮಡಗಿದ್ರು" ಎಂದು ಹೇಳಿಕೊಂಡು ಬಂದ. ಮೊನ್ನೆ ನಾನು ಊಟಕ್ಕೆ ಕೂತಾಗ ನನ್ನ ಮುಂದಿದ್ದ ಮೊಸರಿನ ಬಟ್ಟಲನ್ನೇ ಎತ್ತಿಕೊಂಡ. ತಲೆಗೆ ಶೀತವಂತೆ.

ಬೈದೆ. ಚಿಕ್ಕಂದಿನಿಂದ ಉಳಿಸಿಕೊಂಡಿದ್ದನ್ನೂ ಸೇರಿಸಿ, ಒಂದಕ್ಷರ ತೊದಲದೆ ಬೈದೆ. ಸವಿತಾ ತಡೆಯಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅಣ್ಣ ಮೊಸರಿನ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, ನನ್ನ ಪಕ್ಕದಲ್ಲೇ ಕೂತ.

"ಬಯ್ಯಿ ಕಣ್ಲಾ," ಎಂದ. "ಇನ್ನೂ ಬಯ್ಯಿ, ಕೇಳ್ತೀನಿ."